ಗ್ವೆನ್ ಬೇಡಿದ ವರ

ನಮ್ಮ ದ್ವೀಪದ ಊರು ವುನಿಕುರಕ್ಕೆ ಬರುವ ಪರದೇಶದವರು ಸಮುದ್ರ ನೋಡಲು ಬರುತ್ತಾರೆಂದು ನಾನು ಬಹಳ ದಿನ ತಿಳಿದಿದ್ದೆ. ಸಮುದ್ರ ಅವರ ಊರಲ್ಲೂ ಇದೆಯಂತೆ. ಅವರು ಬರುವುದು ನನ್ನನ್ನು ನೋಡಲು. ಸಾವುಸಾವು ಪೇಟೆಯಿಂದ ಲಾರಿಯ ಹಿಂದೆ ಕೂತು, ಸೊಂಟದ ಕೀಲು ಸಡಿಲವಾಗುವಷ್ಟು ಕುಲುಕಾಡಿ ಬಂದು, ನಾನು ಮರಗೆಣಸಿನ ಸಿಪ್ಪೆ ತೆಗೆಯುವುದನ್ನು ಎದುರಿಗೇ ಕುಕ್ಕರಗಾಲಲ್ಲಿ ಕೂತು ನೋಡುತ್ತಾರೆ. ಕೆಲವರ ಕಣ್ಣಲ್ಲಿ ನೀರೂ ಬರುತ್ತದೆ. ಮದುವೆಯಾಗಿ ಇಷ್ಟು ಕಾಲವಾಯಿತು, ನನ್ನ ಗಂಡ ರೊಪಾತೆ ಒಂದು ದಿನವೂ ಹಾಗೆ ನನ್ನ ಮುಂದೆ ಕೂತವನಲ್ಲ.

ಈ ವ್ಯಾಪಾರವನ್ನು ಊರಿಗೆ ತಂದವನು ಇಸಿಮೇಲಿ, ನಮ್ಮ ಮಾವನ ತಂಗಿಯ ಮಗ. ರಾಜಧಾನಿ ಸುವಾದ ಯಾವುದೋ ಕಚೇರಿಯಲ್ಲಿ ಹಳ್ಳಿ ಪ್ರವಾಸದ ಸಲಹೆಗಾರ. ಮಾವ ಎಪರಾಮ ಊರ ದೊರೆ ರಾತುವಿನ ಮಾತುಗಾರರು. ರಾತು ಸಭೆಯಲ್ಲಿ ಬಾಯಿ ಬಿಡುವುದಿಲ್ಲ. ಅವರ ಪರವಾಗಿ ಕಾಣಿಕೆ ತೆಗೆದುಕೊಳ್ಳುವುದು, ಮಾತು ಕೊಡುವುದು ಎಲ್ಲ ಮಾವನೇ. ನಮ್ಮಲ್ಲಿ ಸೋದರಳಿಯ ಏನು ಕೇಳಿದರೂ ಇಲ್ಲ ಎನ್ನುವ ಹಾಗಿಲ್ಲ. ಹಂದಿ ಕೇಳಿದರೆ ಹಂದಿ, ದೋಣಿ ಕೇಳಿದರೆ ದೋಣಿ. ಇಸಿಮೇಲಿ ಊರನ್ನೇ ಕೇಳಿದ. ಮಾವ ಕೊಟ್ಟರು.

ಮೊದಲು ತರಬೇತಿ ನಡೆಯಿತು. ಸಹಜವಾಗಿ ಇರುವುದು ಹೇಗೆ ಎಂದು ಒಂದು ವಾರ ಕಲಿಸಿದ. ಪ್ಲಾಸ್ಟಿಕ್ ಕುರ್ಚಿಗಳು ಹಂದಿಗೂಡಿನ ಹಿಂದಕ್ಕೆ ಹೋದವು. ಟೀವಿಗಳ ಮೇಲೆ ಚಾಪೆ ಬಿತ್ತು; ರಗ್ಬಿ ಪಂದ್ಯದ ದಿನ ಗಂಡಸರೆಲ್ಲ ಆ ಚಾಪೆಯೊಳಗೆ ತಲೆ ತೂರಿಸಿಕೊಂಡು ಕೂಗಿದರು. ಎಲ್ಲರೂ ತಗಡಿನ ಮನೆಯಲ್ಲಿರುವ ಊರಿನಲ್ಲಿ ಅತಿಥಿಗಳಿಗೆಂದು ರಾತುವಿನ ಹಿತ್ತಲಲ್ಲೊಂದು ಹುಲ್ಲಿನ ಮನೆ ಎದ್ದಿತು.

"ಬರೋರು ಗಿರಾಕಿಗಳು ಅಂತ ತಿಳ್ಕೋಬೇಡಿ," ಎಂದ ಇಸಿಮೇಲಿ. "ರಾತು ಮನೆ ಜನ ಅಂತ ತಿಳ್ಕೊಳ್ಳಿ. ನಮ್ಮ ರಕ್ತ ಸಂಬಂಧ. ಅವರಿಗೆ ಬೇಕಾಗಿರೋದು ಸಂಪರ್ಕ. ಮನುಷ್ಯರ ಜೊತೆ, ಪ್ರಕೃತಿ ಜೊತೆ."

"ಭಾವ," ಎಂದಳು ಹಿಂದಿನಿಂದ ನನ್ನ ನಾದಿನಿ ಕೆಲೆರ, "ಸಂಬಂಧಿಕರು ಅಂದ್ರೆ ಬರ್ತಾರೆ, ತಿಂತಾರೆ, ಹೋಗ್ತಾ ಹಂದಿ ಕೇಳ್ತಾರೆ. ದುಡ್ಡು ಕೊಟ್ಟ ಸಂಬಂಧಿಕರನ್ನ ನಾನು ನೋಡಿಲ್ಲ. ನಿಮ್ಮ ಸುವಾದಲ್ಲಿ ಇದ್ದಾರಾ?"

ಕೆಲೆರ ಮಾವನ ಮಗಳು. ಮದುವೆಯಾಗಿ ಬೇರೆ ಊರಿಗೆ ಹೋಗುವ ಬದಲು ಗಂಡನನ್ನೇ ಇಲ್ಲಿಗೆ ಎಳೆದು ತಂದವಳು. ಸೋದರತ್ತೆಯ ಮಗನನ್ನು ಕೆಣಕುವುದು ನಮ್ಮಲ್ಲಿ ಅವಳ ಹಕ್ಕು, ಅವನು ಸಿಟ್ಟಾಗುವಂತಿಲ್ಲ. ಇಸಿಮೇಲಿ ನಕ್ಕು, ಮುಂದಿನ ಪಾಠಕ್ಕೆ ಹೋದ.

ಇಷ್ಟರವರೆಗೆ ನನಗೇನೂ ನಷ್ಟವಿರಲಿಲ್ಲ. ನಷ್ಟ ಬಂದದ್ದು ದಿಬ್ಬದ ವಿಷಯದಲ್ಲಿ.

ಊರ ಮುಂದಿನ ಹವಳದ ದಿಬ್ಬ ಹೆಂಗಸರದ್ದು. ಗಂಡಸರು ದೋಣಿ ಹತ್ತಿ ಅದರ ಆಚೆಗೆ ಹೋಗುತ್ತಾರೆ. ಪೆಟ್ರೋಲ್ ಇದ್ದರೆ, ಗಾಳಿ ಇಲ್ಲದಿದ್ದರೆ, ಹಿಂದಿನ ದಿನ ಕುಡಿದ ಯಂಗೋನ ಬೇರಿನ ರಸದ ಮಂಪರು ಇಳಿದಿದ್ದರೆ. ಮನೆಮನೆಯ ದಿನದ ಸಾರು ಮಾತ್ರ ದಿಬ್ಬದಿಂದಲೇ ಬರಬೇಕು. ನೀರು ಇಳಿಯುತ್ತಲೇ ಸೊಂಟಕ್ಕೆ ಬುಟ್ಟಿ ಕಟ್ಟಿ ಹೋಗುತ್ತೇವೆ. ಚಿಪ್ಪು, ಏಡಿ, ಸಣ್ಣ ಮೀನು, ಅದೃಷ್ಟವಿದ್ದರೆ ಎಂಟು ಕಾಲಿನ ಅಷ್ಟಪದಿ. ಅಷ್ಟಪದಿಯ ಬಿಲಗಳನ್ನು ನನ್ನ ಅತ್ತೆ ಸಾಯುವ ಮುಂಚೆ ಒಂದೊಂದಾಗಿ ನನಗೆ ತೋರಿಸಿಕೊಟ್ಟಿದ್ದರು, ಹೊಟ್ಟೆಯ ಮಗಳು ಕೆಲೆರಳಿಗೆ ತೋರಿಸದೆ. ಈ ಊರಲ್ಲಿ ಉನಾಯ್ಸಿ ಎಂದರೆ ಯಾರು ಎಂದು ಕೇಳಿದರೆ, ಅಷ್ಟಪದಿ ಹಿಡಿಯುವವಳು ಎನ್ನುತ್ತಾರೆ. ನನಗೆ ಇರುವ ಹೆಸರು ಅದೊಂದೇ.

ಗ್ವೆನ್ ಮತ್ತು ಡೆನಿಸ್ ಅಡಿಲೇಡಿನವರು, ಕೆಲಸದಿಂದ ನಿವೃತ್ತರಾದ ಗಂಡಹೆಂಡತಿ. ಅತಿಥಿಗಳ ಹುಲ್ಲಿನ ಮನೆ ಸೋರುತ್ತಿದ್ದುದರಿಂದ ನಮ್ಮ ತಗಡಿನ ಮನೆಯಲ್ಲಿ ಇಳಿಸಿದರು. ಗ್ವೆನ್ ಸಣ್ಣ ದೇಹದ, ಬೇಗ ಕಣ್ಣು ತುಂಬುವ ಹೆಂಗಸು. ಜೀವವಿರುವುದನ್ನು ತಿನ್ನುವುದಿಲ್ಲ ಎಂದಳು. ಕೆಸುವಿನ ಸೊಪ್ಪು ಬೇಯಿಸಿ ತೆಂಗಿನ ಹಾಲು ಹಾಕಿ ಕೊಟ್ಟರೆ ನನ್ನ ಕೈ ಹಿಡಿದುಕೊಂಡು ಅತ್ತಳು. ಡೆನಿಸ್ ಎಮ್ಮೆಯಂಥ ಆಳು, ಮಾತು ಕಮ್ಮಿ. ಗಂಡಸರ ಜೊತೆ ಕೂತು ನಾಲಿಗೆ ಮರಗಟ್ಟುವಷ್ಟು ಯಂಗೋನ ಕುಡಿಯುತ್ತಿದ್ದ. ಒಂದು ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ನನ್ನ ಬುಟ್ಟಿಯೊಳಗೆ ಇಣುಕಿ ನೋಡಿದ.

"ನಾಳೆ ನನ್ನೂ ಕರ್ಕೊಂಡು ಹೋಗ್ತೀರಾ?" ಎಂದ. "ಅವಳಿಗೆ ಹೇಳ್ಬೇಡಿ."

ಆಗಲಿ ಎಂದೆ. ಆದರೆ ಆ ನಾಳೆ ನೀರು ಇಳಿಯುವ ಮೊದಲೇ ಇಸಿಮೇಲಿಯ ಸಮಾರಂಭವಿತ್ತು.

ಕಚೇರಿಯ ಗಾಜಿನ ಕಪಾಟಿನಿಂದ ಒಂದು ತಿಮಿಂಗಿಲದ ಹಲ್ಲನ್ನು ಕಡ ತಂದಿದ್ದ. ಹುರಿ ಕಟ್ಟಿದ, ಹಳದಿಯಾದ, ಅಸಲಿ ಹಲ್ಲು. "ಸುಮ್ನೆ ಒಂದು ಪ್ರದರ್ಶನ, ಮಾವ," ಎಂದ. "ಗ್ವೆನ್ ಹಲ್ಲು ಕೊಡ್ತಾರೆ, ನೀವು ತಗೊಳ್ಳಿ, ನಾನು ಫೋಟೋ ತೆಗೀತೀನಿ. ಅಷ್ಟೇ."

ಮಾವನಿಗೆ ಪ್ರದರ್ಶನ ಗೊತ್ತಿಲ್ಲ. ಹೆಣ್ಣು ಕೇಳುವವರು ಹಲ್ಲು ತರುತ್ತಾರೆ, ಕೊಲೆಗೆ ಕ್ಷಮೆ ಕೇಳುವವರು ತರುತ್ತಾರೆ, ಹಿಂದೆ ಯುದ್ಧಕ್ಕೆ ನೆರವು ಬೇಡುವವರೂ ತರುತ್ತಿದ್ದರು. ಹಲ್ಲು ಕೈಗೆ ತೆಗೆದುಕೊಂಡರೆ ಅದರ ಜೊತೆ ಬಂದ ಬೇಡಿಕೆಯನ್ನು ನಡೆಸಿಕೊಡಬೇಕು. ಬೇಡಿಕೆಯಿಲ್ಲದ ಹಲ್ಲನ್ನು ಅವರು ಜನ್ಮದಲ್ಲಿ ಕಂಡಿಲ್ಲ. ಹಾಗಾಗಿ ಚಾಪೆಯ ಮೇಲೆ ನೆಟ್ಟಗೆ ಕೂತು, "ಬಂದವರ ಬೇಡಿಕೆ ಏನು?" ಎಂದು ಕೇಳಿಬಿಟ್ಟರು.

ಇದು ಇಸಿಮೇಲಿಯ ಲೆಕ್ಕದಲ್ಲಿ ಇರಲಿಲ್ಲ. ಗ್ವೆನ್ ಕಡೆ ಬಗ್ಗಿ, "ಮನಸ್ಸಿಗೆ ತೋಚಿದ್ದು ಏನಾದರೂ ಹೇಳಿ," ಎಂದ.

ಗ್ವೆನ್ ಬಾಗಿಲಾಚೆಗೆ ಸಮುದ್ರ ನೋಡಿದಳು. ಕಣ್ಣು ತುಂಬಿತು. "ಈ ದಿಬ್ಬದಲ್ಲಿ ಇನ್ನು ಮೇಲೆ ಯಾರೂ ಯಾವ ಜೀವವನ್ನೂ ಕೊಲ್ಲದಿರಲಿ," ಎಂದಳು. "ಎಂದೆಂದಿಗೂ."

ಇಸಿಮೇಲಿ ಅದನ್ನು ಸಭೆಯ ಭಾಷೆಗೆ ತಿರುಗಿಸಿ, ಅವಳು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ. ಹೇಳುತ್ತಲೇ ಫೋಟೋ ತೆಗೆದ. ಮಾವ ಹಲ್ಲನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಮೂಸಿ, ತೆಗೆದುಕೊಂಡೆವು ಎಂದರು. ಗಂಡಸರು ಅಂಗೈ ಬಟ್ಟಲು ಮಾಡಿ ಚಪ್ಪಾಳೆ ತಟ್ಟಿದರು. ಅವರಿಗೇನು ಹೋಗಿತ್ತು. ನಾವು ಹೆಂಗಸರು ಬಾಗಿಲ ಬಳಿ ಚಹಾದ ಪಾತ್ರೆ ಹಿಡಿದು ಕೂತಿದ್ದೆವು.

"ಅತ್ತಿಗೆ, ಅವಳು ಕೇಳಿದ್ದು ಏನೇ?" ಎಂದಳು ಕೆಲೆರ ನನ್ನ ತೊಡೆ ಚಿವುಟಿ.

"ನಮ್ಮ ಸಾರು," ಎಂದೆ.

ಸಭೆ ಮುಗಿದ ಮೇಲೆ ಮಾವನ ಹತ್ತಿರ ಜಗಳಕ್ಕೆ ಹೋದೆ. ನಾಟಕ ಎಂದು ಇಸಿಮೇಲಿ ಮೊದಲೇ ಹೇಳಿರಲಿಲ್ಲವೇ ಎಂದೆ.

"ನಾಟಕ ಇದ್ದೀತು. ಹಲ್ಲು ನಿಜದ್ದು."

"ದಿಬ್ಬ ಹೆಂಗಸರದ್ದು, ಮಾವ. ನಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳೋಣ ಅನ್ನೋಷ್ಟರಲ್ಲಿ ಕೈಲಿತ್ತು," ಎಂದರು ಮಾವ. ಮುಖ ಬಾಡಿತ್ತು. "ಇನ್ನು ಬೇಡಿದವಳೇ ಬಿಡಬೇಕು ಕಣಮ್ಮ. ನಾವು ಮುರಿದ್ರೆ ರಾತು ಮಾತು ಮಣ್ಣಾಗುತ್ತೆ. ಮಕ್ಕಳಿಗೆ ಕಾಯಿಲೆ ಬರುತ್ತೆ."

ಮರುದಿನ ನೀರಿನಲ್ಲಿ ಸೊಪ್ಪು ಕಟ್ಟಿದ ಕಂಬ ನೆಟ್ಟರು. ದಿಬ್ಬ ಮುಚ್ಚಿತು. ಡೆನಿಸ್ ದಂಡೆಯಲ್ಲಿ ಕೈ ಕಟ್ಟಿ ನಿಂತು ಆ ಕಂಬವನ್ನು ನೋಡುತ್ತಿದ್ದ. ಅವನ ಮುಖ ನೋಡಿದರೆ ಊರಿನ ಹೆಂಗಸರ ಸಾಲಿನಲ್ಲಿ ಅವನನ್ನೂ ನಿಲ್ಲಿಸಬಹುದಿತ್ತು. ಗಂಡಹೆಂಡತಿ ಲಾರಿ ಹತ್ತಿ ಹೋದರು.

ಆಮೇಲಿನ ಕಾಲವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅತಿಥಿಗಳು ಕಮ್ಮಿಯಾಗಲಿಲ್ಲ, ಇಮ್ಮಡಿಯಾದರು. ಪ್ರೀತಿಯಿಂದ ಉಳಿದ ದಿಬ್ಬ ಎಂದು ಇಸಿಮೇಲಿ ಎಲ್ಲ ಕಡೆ ಜಾಹೀರಾತು ಹಾಕಿಸಿದ್ದ. ಅವರು ಗಾಜಿನ ಮುಖವಾಡ ಹಾಕಿ ನಮ್ಮ ದಿಬ್ಬದ ಮೇಲೆ ತೇಲುವುದು, ನಾವು ದಂಡೆಯಲ್ಲಿ ಕೂತು ಅವರ ಬೆನ್ನು ನೋಡುವುದು. ಮೀನುಗಳು ಕೊಬ್ಬಿ ಸೊಕ್ಕಿದವು. ಕಂಬದಿಂದ ಈಚೆಗೆ ಮಂಡಿಯುದ್ದ ನೀರಿನಲ್ಲಿ ಮರಳು ಹಾಕಿ ಪಾತ್ರೆ ಉಜ್ಜಲು ನಿಂತರೆ ಅಷ್ಟಪದಿಗಳು ಬಿಲದಿಂದ ಹೊರಬಂದು ನನ್ನನ್ನೇ ದಿಟ್ಟಿಸುತ್ತಿದ್ದವು, ಏನಮ್ಮ ಉನಾಯ್ಸಿ, ಸೌಖ್ಯವೇ ಎಂಬಂತೆ.

ಊಟಕ್ಕೆ ಡಬ್ಬಿ ಮೀನು. ಅಂಗಡಿಯ ಅಪ್ಪಲ್‌ಸಾಮಿ ಡಬ್ಬಿಗಳ ಗೋಪುರವನ್ನೇ ಕಟ್ಟಿದ. "ಉನಾಯ್ಸಕ್ಕ, ಆ ಬಿಳಿ ಅಮ್ಮನ ಫೋಟೋ ಒಂದಿದ್ರೆ ಕೊಡಿ," ಎಂದ. "ಗಲ್ಲಾದ ಮೇಲೆ ಹಾಕ್ತೀನಿ. ದಿನಾ ಹೂ ಮುಡಿಸ್ತೀನಿ." ಅತಿಥಿಗಳಿಗೂ ಅದೇ ಡಬ್ಬಿ ಮೀನನ್ನು ತೆಂಗಿನ ಹಾಲಿನಲ್ಲಿ ಕುದಿಸಿ ಬಾಳೆಲೆಯಲ್ಲಿ ಸುತ್ತಿ ಬಡಿಸಿದೆವು, ಖಾಲಿ ಡಬ್ಬಿಗಳು ಪ್ಲಾಸ್ಟಿಕ್ ಕುರ್ಚಿಗಳ ಪಕ್ಕಕ್ಕೆ ಹೋದವು. ಸಮುದ್ರದ ತಾಜಾತನ ನಾಲಿಗೆಗೇ ತಿಳಿಯುತ್ತದೆ ಎಂದು ಅವರು ಹೊಗಳಿದರು. ಗ್ವೆನ್‌ಗೆ ಹೇಳಿ ಬಿಡುಗಡೆ ಮಾಡಿಸು ಎಂದು ನಾನು ಇಸಿಮೇಲಿಯ ಕಾಲು ಹಿಡಿಯುವುದೊಂದು ಬಾಕಿ. ಅವನು ಕೇಳಲಿಲ್ಲ. ನಮ್ಮೂರಿನ ಹೆಸರೇ ಈಗ ಆ ದಿಬ್ಬವಂತೆ. ನನ್ನ ಹೆಸರು ಎಲ್ಲಿ ಹೋಯಿತು ಎಂದು ಅವನಿಗೆ ಯಾರು ಹೇಳಬೇಕು.

ಎರಡನೆಯ ವರ್ಷದ ಗೆಣಸು ಕೀಳುವ ಹೊತ್ತಿಗೆ ಗ್ವೆನ್ ಮತ್ತೆ ಬಂದಳು. ಒಬ್ಬಳೇ. ಕೈಯಲ್ಲಿ ಮರದ ಚಿಕ್ಕ ಪೆಟ್ಟಿಗೆ. ಅದನ್ನು ನಮ್ಮ ಮನೆಯ ನಡುವೆ ಚಾಪೆಯ ಮೇಲಿಟ್ಟು, "ಡೆನಿಸ್," ಎಂದಳು.

ನನಗೆ ಅರ್ಥವಾಗಲಿಲ್ಲ. ಡೆನಿಸ್ ಎಲ್ಲಿ ಎಂದೆ. ಪೆಟ್ಟಿಗೆ ತೋರಿಸಿದಳು. ಸುಟ್ಟ ಬೂದಿ. ಆ ಎಮ್ಮೆಯಂಥ ಆಳು ನಮ್ಮ ಉಪ್ಪಿನ ಡಬ್ಬಿಯಷ್ಟಾಗಿದ್ದ.

"ನಾಳೆ ಸಂಜೆ ನಾನೊಬ್ಬಳೇ ಹೋಗಿ ಅವನನ್ನ ದಿಬ್ಬದಲ್ಲಿ ಬಿಟ್ಟು ಬರ್ತೀನಿ," ಎಂದಳು. "ಯಾರಿಗೂ ತೊಂದರೆ ಬೇಡ. ಸದ್ದಿಲ್ಲದೆ ಆಗಲಿ. ಅವನಿಗೆ ಆ ಜಾಗ ತುಂಬ ಇಷ್ಟ."

ಇಷ್ಟ ಯಾಕೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಮೊದಲು ಬಂದದ್ದು ಸಿಟ್ಟು. ಬಾಯಿಗೆ ಬೀಗ ಹಾಕಿದ್ದು ಸಾಲದೆಂದು ಈಗ ಸಾರಿನ ಪಾತ್ರೆಗೆ ಬೂದಿ ಸುರಿಯಲು ಬಂದಿದ್ದಾಳೆ ಎನ್ನಿಸಿತು. ಕೆಸುವಿನ ಸೊಪ್ಪು ಒಲೆಯ ಮೇಲಿಟ್ಟು ಕೆಲೆರಳ ಮನೆಗೆ ಹೋಗಿ ಎಲ್ಲ ಕಾರಿಕೊಂಡೆ. ಕೆಲೆರ ಬೈಯಲಿಲ್ಲ. ಅವಳು ಸುಮ್ಮನಾದರೆ ಏನೋ ಬೇಯುತ್ತಿದೆ ಎಂದು ಅರ್ಥ.

"ಅತ್ತಿಗೆ," ಎಂದಳು ಕೊನೆಗೆ, "ಸತ್ತ ಮನುಷ್ಯನನ್ನ ನಮ್ಮ ನೀರಲ್ಲಿ ಇಡ್ತಾಳೆ ಅಂದ್ರೆ, ನಮ್ಮೂರಲ್ಲಿ ಸಾವಾಗಿದೆ ಅಂತ ಆಯ್ತಲ್ವಾ?"

ಇಬ್ಬರೂ ಮಾವನ ಬಳಿಗೆ ಓಡಿದೆವು. ಮಾವ ಹಲ್ಲಿಲ್ಲದ ಬಾಯಲ್ಲಿ ಡಬ್ಬಿ ಮೀನು ಚೀಪುತ್ತಿದ್ದರು.

"ಅಪ್ಪ," ಎಂದಳು ಕೆಲೆರ, "ರಾತು ಮನೆಯವರು ಸತ್ರೆ ದಿಬ್ಬಕ್ಕೆ ಏನು?"

"ನೂರು ರಾತ್ರಿ ಮುಚ್ಚೋದು. ಆಮೇಲೆ ಸತ್ತವನ ಕಡೆಯವರು ಬಂದು ಬಿಡಿಸೋದು. ಗೊತ್ತಿಲ್ವೇನೆ?"

"ಅತಿಥಿಗಳು ರಾತು ಮನೆಯವರು ಅಂತ ತಾನೇ ನಿಮ್ಮ ಅಳಿಯ ಊರ ಮುಂದೆ ಹೇಳಿದ್ದು? ನೀವೂ ತಲೆಯಾಡಿಸಿದ್ರಿ."

ಮಾವ ಚೀಪುವುದನ್ನು ನಿಲ್ಲಿಸಿದರು.

"ಈಗಾಗ್ಲೇ ಮುಚ್ಚಿರೋದನ್ನ ಇನ್ನೊಂದ್ಸಲ ಮುಚ್ಚೋದು ಹೇಗೆ, ಮಾವ?" ಎಂದೆ ನಾನು. "ಒಂದು ನೀರಿಗೆ ಎರಡು ಕಂಬ ಇರುತ್ತಾ?"

"ಇರಲ್ಲ," ಎಂದರು ಮಾವ ನಿಧಾನವಾಗಿ. "ಹಳೇದು ಕೀಳಬೇಕು. ಯಾರು ಬೇಡಿದ್ರೋ ಅವರೇ ಕೀಳಬೇಕು. ಕಿತ್ತರೆ ಆ ಬೇಡಿಕೆ ಮುಗೀತು. ಸಾವಿನ ಕಂಬಕ್ಕೆ ಗಡುವಿದೆ. ನೂರು ರಾತ್ರಿ." ಅವರ ಮುಖದಲ್ಲಿ ಎರಡು ವರ್ಷದಿಂದ ಕಾಣದ ಕಳೆ ಬಂತು. "ದಿಬ್ಬ ತೆರೆಯೋ ದಿನ ಮೊದಲು ಸಿಕ್ಕಿದ್ದನ್ನ ಅಲ್ಲೇ ಬೇಯಿಸಿ ಸತ್ತವನ ಮನೆಯವರು ಮೊದಲ ತುತ್ತು ತಿನ್ನಬೇಕು. ತಿಂದ್ರೆ ತೆರೀತು. ಇಲ್ಲಾಂದ್ರೆ ಇಲ್ಲ."

ಕೆಲೆರ ನನ್ನ ಮುಖ ನೋಡಿದಳು. ತಿನ್ನಬೇಕಾದವಳು ಯಾರು ಎಂದು ಇಬ್ಬರಿಗೂ ಗೊತ್ತಿತ್ತು.

"ಅದು ಆಮೇಲಿನ ಮಾತು," ಎಂದಳು. "ಈಗ ಅಳೋಕೆ ಹೊರಡು."

ಮರುದಿನ ಸಂಜೆ ಗ್ವೆನ್ ಪೆಟ್ಟಿಗೆ ಹಿಡಿದು ಸದ್ದಿಲ್ಲದೆ ಬಾಗಿಲು ತೆರೆದಳು. ಅಂಗಳದಲ್ಲಿ ಊರಿನ ಹೆಂಗಸರೆಲ್ಲ ಕರಿ ಬಟ್ಟೆಯುಟ್ಟು, ಮಡಿಸಿದ ಚಾಪೆಗಳನ್ನು ತೊಡೆಯ ಮೇಲಿಟ್ಟು ಕೂತಿದ್ದರು. ಹಿಂದೆ ಗಂಡಸರು, ಅವರ ಹಿಂದೆ ಪಾದ್ರಿ. ಅವಳು ಹೊಸಿಲು ದಾಟಿದ ಕೂಡಲೇ ಕೆಲೆರ ಶುರು ಮಾಡಿದಳು. ನನ್ನ ನಾದಿನಿ ಅತ್ತರೆ ಪಕ್ಕದ ಕೊಲ್ಲಿಯ ಊರಿನವರು ಯಾರು ಸತ್ತರು ಎಂದು ಕೇಳಿಕೊಂಡು ಬರುತ್ತಾರೆ. ಅವಳ ಹಿಂದೆ ನಾವೆಲ್ಲ.

"ದಯವಿಟ್ಟು," ಎಂದಳು ಗ್ವೆನ್ ಬೆಪ್ಪಾಗಿ. "ಅವನಿಗೆ ಇದೆಲ್ಲ ಇಷ್ಟ ಆಗ್ತಿರಲಿಲ್ಲ."

ಯಾರೂ ಕೇಳಲಿಲ್ಲ. ಸತ್ತವರ ಇಷ್ಟ ಕೇಳುವುದು ನಮ್ಮಲ್ಲಿ ರೂಢಿಯಿಲ್ಲ. ಒಬ್ಬೊಬ್ಬರಾಗಿ ಅವಳ ಮುಂದೆ ಚಾಪೆಯಿಟ್ಟು, ಅವಳನ್ನು ಅಪ್ಪಿ, ಕಿವಿಯ ಬಳಿಯೇ ಗೋಳಾಡಿದೆವು. ಡೆನಿಸನನ್ನು ಕಾಣದವರೂ ಅವನ ಅಗಲ ಭುಜವನ್ನು ನೆನೆದು ಅತ್ತರು. ನಾನು ಅತ್ತದ್ದು ಅಷ್ಟಪದಿಗಾಗಿ, ಅದನ್ನು ಮುಚ್ಚಿಡುವುದಿಲ್ಲ. ಬಿಲಗಳನ್ನು ಒಂದೊಂದಾಗಿ ನೆನೆಸಿಕೊಂಡು ಅತ್ತೆ. ಹಾಗೆ ಅಳುತ್ತಿದ್ದಾಗ, ಬುಟ್ಟಿಯೊಳಗೆ ಇಣುಕಿದ ಆ ದೊಡ್ಡ ಮುಖ ಬಂತು. ಅವಳಿಗೆ ಹೇಳ್ಬೇಡಿ ಎಂದದ್ದು ಬಂತು. ನನ್ನ ಅಳು ನನ್ನ ಕೈ ತಪ್ಪಿ ಹೋಯಿತು.

ಗ್ವೆನ್ ಮೊದಲು ಕಲ್ಲಿನಂತೆ ನಿಂತಿದ್ದಳು. ಆಮೇಲೆ ಅವಳ ಗಂಟಲಿನಿಂದ ಒಂದು ಸದ್ದು ಬಂತು. ಅವಳಿಗೇ ಅದು ಯಾರದೆಂದು ತಿಳಿಯಲಿಲ್ಲವೇನೋ, ಹಿಂದೆ ತಿರುಗಿ ನೋಡಿದಳು. ಮತ್ತೆ ಬಂದಾಗ ನೆಲಕ್ಕೆ ಕುಸಿದಳು. ಅವರ ಊರಿನಲ್ಲಿ ಎಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತಂತೆ. ಬಂದವರು ಬ್ರೆಡ್ಡು ತಿಂದು, ನೀವು ಬಹಳ ಗಟ್ಟಿ ಎಂದು ಅವಳ ಬೆನ್ನು ತಟ್ಟಿ ಹೋದರಂತೆ. ಇದನ್ನು ಬಿಕ್ಕಳಿಕೆಯ ನಡುವೆ ನನಗೆ ಹೇಳಿದಳು.

ನಂತರ ಎಲ್ಲರೂ ನೀರಿಗಿಳಿದೆವು. ಅವಳು ಬೂದಿ ಬಿಟ್ಟಳು. ಮಾವ ಹೇಳಿಕೊಟ್ಟಂತೆ ಹಳೆಯ ಕಂಬವನ್ನು ತಾನೇ ಕಿತ್ತಳು, ಡೆನಿಸನ ಕಂಬವನ್ನು ನೆಟ್ಟಳು. ಇಸಿಮೇಲಿ ಸುವಾದಿಂದ ಬಂದು ತಲುಪುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಏನು ಮಾಡಿದ್ರಿ ನೀವು," ಎಂದು ತಲೆ ಹಿಡಿದುಕೊಂಡ. "ನೂರು ರಾತ್ರಿ ಆದ ಮೇಲೆ ಬರೋ ಅತಿಥಿಗಳಿಗೆ ನಾನು ಏನು ತೋರಿಸ್ಲಿ?"

"ನಿನ್ನ ಮುಖ ತೋರಿಸು, ಭಾವ," ಎಂದಳು ಕೆಲೆರ. "ಅದೂ ಪ್ರಕೃತಿನೇ."

ಸತ್ತವರಿಗಾಗಿ ಹಾಕುವ ನಾಲ್ಕನೆಯ ರಾತ್ರಿಯ ಊಟ ಮುಗಿಸಿ ಗ್ವೆನ್ ಹೊರಟಳು. ನೂರು ತುಂಬುವಾಗ ಬರುತ್ತೇನೆಂದು ಮಾವನಿಗೆ ಮಾತು ಕೊಟ್ಟಳು. ಅವಳನ್ನು ಲಾರಿಯಲ್ಲಿ ಸಾವುಸಾವುವರೆಗೆ ಕರೆದೊಯ್ದವನು ಇಸಿಮೇಲಿ. ದಾರಿಯಲ್ಲಿ ಅವನು ಎಲ್ಲವನ್ನೂ ಬಿಚ್ಚಿ ಹೇಳಿದನೆಂದು ಆಮೇಲೆ ತಿಳಿಯಿತು: ಊರವರು ಅತ್ತದ್ದು ಮೀನಿಗೆ, ನಿಮ್ಮ ಗಂಡ ಅವರಿಗೊಂದು ನೆಪ. ಸುಳ್ಳೇನೂ ಹೇಳಿರಲಿಲ್ಲ.

ಆ ನೂರು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವಳು ಬರದಿದ್ದರೆ ದಿಬ್ಬ ಸತ್ತವನ ಹೆಸರಿನಲ್ಲಿ ಹಾಗೇ ಉಳಿಯುತ್ತದೆ. ಬಿಡಿಸುವವರು ಬೇರೆ ಯಾರೂ ಇಲ್ಲ. ಬಂದರೂ ತಿನ್ನದಿದ್ದರೆ ಅಷ್ಟೇ. ಮೋಸ ಹೋದೆ ಎಂದು ತಿಳಿದ ಸೊಪ್ಪು ತಿನ್ನುವ ಹೆಂಗಸು ಅಷ್ಟು ದೂರದಿಂದ ಅಷ್ಟಪದಿ ತಿನ್ನಲು ಯಾಕೆ ಬರುತ್ತಾಳೆ ಎಂದು ಕೆಲೆರ ದಿನಕ್ಕೊಮ್ಮೆ ಕೇಳುತ್ತಿದ್ದಳು.

ಅವಳು ಬಂದಳು. ದಂಡೆಯಲ್ಲಿ ಊರೆಲ್ಲ ಸೇರಿತ್ತು, ಬುಟ್ಟಿ ಬಲೆಗಳ ಸಮೇ‍ತ. ಗ್ವೆನ್ ಯಾರಿಗೂ ಕೈ ಮುಂದೆ ಮಾಡಲಿಲ್ಲ. ನೆಟ್ಟಗೆ ನನ್ನ ಎದುರು ಬಂದು ನಿಂತಳು. ಕಣ್ಣು ಒಣಗಿತ್ತು.

"ಉನಾಯ್ಸಿ, ಅವತ್ತು ನೀವು ಅತ್ತಿದ್ದು ಡೆನಿಸ್‌ಗಾ, ಮೀನಿಗಾ?"

ಹಿಂದೆ ನಿಂತಿದ್ದ ಇಸಿಮೇಲಿ ಕಣ್ಸನ್ನೆ ಮಾಡಿದ, ಡೆನಿಸ್‌ಗೆ ಎನ್ನು ಎಂದು. ನನಗೆ ಸಿಟ್ಟು ನೆತ್ತಿಗೇರಿತು. ಎರಡು ವರ್ಷ ಡಬ್ಬಿ ಮೀನು ತಿಂದ ಸಿಟ್ಟು.

"ಮೀನಿಗೆ," ಎಂದೆ. "ನಮ್ಮ ಮಕ್ಕಳ ಬಾಯಿಂದ ತೆಗೆದು ನೀವು ವರ ಬೇಡಿದ್ರಿ. ಅದು ಏನು ಅಂತ ನೀವು ಕೇಳ್ಲಿಲ್ಲ, ನಮ್ಮ ಗಂಡಸರು ಹೇಳ್ಲಿಲ್ಲ. ಅದಕ್ಕೇ ಅತ್ತೆ. ಆದ್ರೆ ಶುರು ಮಾಡಿದ ಮೇಲೆ ನಿಮ್ಮ ಗಂಡ ಬಂದ. ನನ್ನ ಜೊತೆ ಅಷ್ಟಪದಿ ಹಿಡಿಯೋಕೆ ಬರ್ತೀನಿ, ಹೆಂಡ್ತಿಗೆ ಹೇಳ್ಬೇಡಿ ಅಂದಿದ್ದ. ನೀವು ಹಲ್ಲು ಕೊಟ್ಟ ದಿನವೇ ನಾವು ಹೋಗ್ಬೇಕಿತ್ತು."

ಅವಳು ಮರಳಿನ ಮೇಲೆ ಕೂತಳು. ಆಮೇಲೆ, "ಅವನು ನನಗೆ ಹೇಳಲೇ ಇಲ್ಲ," ಎಂದಳು. "ಹೋಗಿ, ಹಿಡಿದು ತನ್ನಿ."

ಮೊದಲ ಬೇಟೆಗೆ ಒಬ್ಬರೇ ಇಳಿಯಬೇಕು. ನಾನು ಇಳಿದೆ. ಮೊದಲ ಬಿಲಕ್ಕೆ ಕಡ್ಡಿ ಹಾಕುತ್ತಲೇ ಸಿಕ್ಕಿತು. ಆ ಸೊಕ್ಕಿದ ಪ್ರಾಣಿಗಳಿಗೆ ಅಡಗುವುದೇ ಮರೆತುಹೋಗಿತ್ತು. ಕಲ್ಲಿನ ಮೇಲೆ ಬಡಿದು, ಕೊಯ್ದು, ದಂಡೆಯಲ್ಲೇ ತೆಂಗಿನ ಹಾಲಿನಲ್ಲಿ ಬೇಯಿಸಿದೆ. ಒಂದು ತುಂಡನ್ನು ಎಲೆಯಲ್ಲಿಟ್ಟು ಅವಳ ಮುಂದೆ ಹಿಡಿದೆ.

ಅವಳು ಅದನ್ನು ನೋಡಿದಳು, ಸಮುದ್ರವನ್ನು ನೋಡಿದಳು. "ಅವನು ಇದರೊಳಗೆ ಇರಬಹುದು," ಎಂದಳು ಮೆಲ್ಲಗೆ.

ಬೂದಿ, ದಿಬ್ಬ, ಅಷ್ಟಪದಿ. ಅದು ನನಗೂ ಹೊಳೆದಿರಲಿಲ್ಲ.

"ಇರಬಹುದು," ಎಂದೆ. "ಇದ್ರೆ ಬೇರೆ ಯಾರ ಹೊಟ್ಟೆಗೆ ಹೋಗಬೇಕು ಅವನು?"

ಗ್ವೆನ್ ಬಾಯಿಗೆ ಹಾಕಿಕೊಂಡಳು. ಅಷ್ಟಪದಿ ಬೇಗ ಬಗ್ಗುವ ಪದಾರ್ಥವಲ್ಲ. ಅಗಿದಳು, ಅಗಿದಳು. ಊರಿಗೆ ಊರೇ ಅವಳ ದವಡೆ ನೋಡುತ್ತ ನಿಂತಿತು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳದೆ ಅಗಿದಳು. ಕೊನೆಗೆ ನುಂಗಿದಳು. ಮಾವ ತೆರೆಯಿತು ಎಂದು ಹೇಳತೊಡಗಿದರು. ಅವರ ಮಾತು ಮುಗಿಯುವ ಮೊದಲೇ ಕೆಲೆರ ಮೊಣಕಾಲುದ್ದ ನೀರಿನಲ್ಲಿದ್ದಳು.

ಎಲ್ಲರೂ ನುಗ್ಗಿದರು. ಹೆಂಗಸರು, ಅವರ ಹಿಂದೆ ನಾಚಿಕೆಯಿಲ್ಲದ ಗಂಡಸರು, ಪಾದ್ರಿ, ಅಂಗಡಿ ಮುಚ್ಚಿ ಬಂದ ಅಪ್ಪಲ್‌ಸಾಮಿ. ಇಸಿಮೇಲಿ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದ. ನಾನೂ ನನ್ನ ಎರಡನೆಯ ಬಿಲದತ್ತ ಓಡಿದೆ. ಕೆಲೆರ ಹಿಂದೆಯೇ ಬರುತ್ತಿದ್ದಾಳೋ ಎಂದು ತಿರುಗಿ ನೋಡಿದಾಗ ದಂಡೆ ಕಾಣಿಸಿತು. ಅಲ್ಲಿ ಒಲೆ, ಪಾತ್ರೆ, ಗ್ವೆನ್. ಬೇರೆ ಯಾರೂ ಇರಲಿಲ್ಲ. ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಲಾರಿ ತಪ್ಪಿಸಿಕೊಂಡವಳಂತೆ ಕೂತಿದ್ದಳು. ನಮ್ಮ ಕೆಲಸ ಆಗಿತ್ತು, ಅವಳನ್ನು ಅಲ್ಲೇ ಬಿಟ್ಟು ಬಂದಿದ್ದೆವು. ನಾನು ಒಬ್ಬಳೇ ಅಲ್ಲ, ಎಲ್ಲರೂ. ನನಗೆ ನಮ್ಮ ಮೇಲೇ ಅಸಹ್ಯವಾಯಿತು. ಬಿಲ ಬಿಟ್ಟು ಹೋಗಲು ಮನಸ್ಸಿಲ್ಲ, ಅವಳನ್ನು ಹಾಗೆ ನೋಡಲೂ ಆಗಲಿಲ್ಲ.

"ಏಯ್ ಗ್ವೆನ್," ಎಂದು ನಿಂತಲ್ಲಿಂದಲೇ ಕೂಗಿದೆ. "ಅಲ್ಲಿ ಕೂತು ಯಾರನ್ನ ಕಾಯ್ತಿದ್ದೀಯೇ? ಆ ಬುಟ್ಟಿ ಎತ್ಕೊಂಡು ಬಾರೇ."

ಅವಳು ತಲೆಯೆತ್ತಿದಳು. ಅತ್ತಿತ್ತ ನೋಡಿ, ಕೂಗಿದ್ದು ತನ್ನನ್ನೇ ಎಂದು ಖಾತ್ರಿ ಮಾಡಿಕೊಂಡು, ಬುಟ್ಟಿ ಎತ್ತಿಕೊಂಡು ಬೂಟಿನ ಸಮೇತ ನೀರಿಗಿಳಿದಳು. ಹವಳ ತಾಗಿ ಎರಡು ಸಲ ಬಿದ್ದಳು. ನಾನು ಎಬ್ಬಿಸಲಿಲ್ಲ, ನನ್ನ ಕೈ ಬಿಲದೊಳಗಿತ್ತು. ಹಿಡಿದದ್ದನ್ನೆಲ್ಲ ಅವಳ ಬುಟ್ಟಿಗೆ ಹಾಕುತ್ತ ಹೋದೆ. ನೀರು ಏರಿ ನಾವು ದಂಡೆಗೆ ಮರಳುವಾಗ ಅದು ತುಂಬಿ ಬಲು ಭಾರವಾಗಿತ್ತು. ಮನೆಯವರೆಗೂ ಅವಳೇ ಹೊತ್ತಳು.